ಕೊನೆಗೆ ಉಳಿದವನು ಜಾಣನೇ?

ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಒಂದು ಪ್ರಶ್ನೆ ಕಳಿಸಿದ್ದಾನೆ. ಪ್ರಶ್ನೆ ಅಲ್ಲಿನದಾದರೂ ಉತ್ತರ ನಮ್ಮೂರಿನ ತಂದೆತಾಯಿಗಳಿಗೂ ಬೇಕಾದದ್ದು. ಗಣಿತದ ಪುಸ್ತಕದಲ್ಲಿ ಸಂಭವನೀಯತೆಯ ಪಾಠ ಓದುತ್ತಿರುವ ಮಕ್ಕಳಿಗಂತೂ ಬೇಕೇ ಬೇಕು. ಆದ್ದರಿಂದ ಈ ವಾರ ಅದನ್ನೇ ಎತ್ತಿಕೊಂಡಿದ್ದೇನೆ.

ಅವನ ಹನ್ನೊಂದು ವರ್ಷದ ಮಗ ಅಲ್ಲಿ ಮಕ್ಕಳ ಫುಟ್‌ಬಾಲ್ ಕ್ಲಬ್ಬೊಂದರಲ್ಲಿ ಆಡುತ್ತಾನೆ. ಇಂಥ ಕ್ಲಬ್ಬುಗಳನ್ನು ನಡೆಸುವವರು ಬಹುಪಾಲು ಮಕ್ಕಳ ತಂದೆತಾಯಿಗಳೇ. ಸಂಬಳವಿಲ್ಲದ ಕೆಲಸ. ಮೈದಾನದ ಬಾಡಿಗೆ, ಚೆಂಡು, ಗೋಲಿನ ಬಲೆ, ಅಂಗಿ, ರೆಫರಿಗೆ ಕೊಡುವ ಹಣ ಇವಕ್ಕೆಲ್ಲ ಮಕ್ಕಳು ಕಟ್ಟುವ ಶುಲ್ಕ ಸಾಲುವುದಿಲ್ಲ. ಕೊರತೆ ತುಂಬಲು ಕ್ಲಬ್ಬಿನವರು ಮನೆಯಲ್ಲಿ ಕೇಕ್ ಮಾಡಿ ತಂದು ಮಾರುತ್ತಾರೆ, ಲಾಟರಿಯಂತೆ ಚೀಟಿ ಎತ್ತುತ್ತಾರೆ. ಇವುಗಳ ಜೊತೆಗೆ ಇನ್ನೊಂದು ಉಪಾಯವೂ ಉಂಟು. ಅದರ ಹೆಸರು 'ಲಾಸ್ಟ್ ಮ್ಯಾನ್ ಸ್ಟ್ಯಾಂಡಿಂಗ್'. ಅಂದರೆ, ಎಲ್ಲರೂ ಬಿದ್ದ ಮೇಲೂ ನಿಂತಿರುವವನು.

ನಿಯಮ ಬಹಳ ಸುಲಭ. ಸೇರುವವರು ಒಂದು ಮೊತ್ತ, ಹತ್ತು ಪೌಂಡು ಎನ್ನೋಣ, ಕಟ್ಟಬೇಕು. ಪ್ರೀಮಿಯರ್ ಲೀಗಿನಲ್ಲಿ 20 ತಂಡಗಳಿವೆ. ಪ್ರತಿ ವಾರ ಆ ವಾರ ಗೆಲ್ಲುವುದೆಂದು ತೋರುವ ಒಂದು ತಂಡದ ಹೆಸರು ಬರೆದು ಕೊಡಬೇಕು. ಅದು ಗೆದ್ದರೆ ನೀವು ಮುಂದಿನ ವಾರಕ್ಕೆ ಉಳಿದಿರಿ. ಸೋತರೆ ಹೊರಗೆ. ಡ್ರಾ ಆದರೂ ಹೊರಗೆ. ಒಮ್ಮೆ ಬರೆದ ತಂಡವನ್ನು ಮತ್ತೆ ಬರೆಯುವಂತಿಲ್ಲ. ಕೊನೆಗೆ ಒಬ್ಬನೇ ಉಳಿದಾಗ ಕೂಡಿದ ಹಣದ ಅರ್ಧ ಅವನಿಗೆ, ಅರ್ಧ ಕ್ಲಬ್ಬಿಗೆ. ಹಂಚಿಕೆ ಕ್ಲಬ್ಬಿನಿಂದ ಕ್ಲಬ್ಬಿಗೆ ಬೇರೆಯಾಗಬಹುದು, ಆಟದ ತಿರುಳು ಮಾತ್ರ ಇದೇ.

ಹಳೆಯ ವಿದ್ಯಾರ್ಥಿಯ ಪತ್ರದ ಸಾಲುಗಳು ಹೀಗಿವೆ: "ಸಾರ್, ನನ್ನ ಹೆಸರಿನಲ್ಲಿ ಹಣ ಕಟ್ಟಿದೆ. ತಂಡ ಆರಿಸುವ ಕೆಲಸ ಮಗನಿಗೆ ಬಿಟ್ಟೆ. ಏಳು ವಾರ ಸರಿಯಾಗಿ ಹೇಳಿದ. ಎಂಟನೇ ವಾರ ಕೊನೇ ನಿಮಿಷದಲ್ಲಿ ಎದುರಾಳಿಗಳು ಗೋಲು ಹೊಡೆದು ಡ್ರಾ ಮಾಡಿದರು, ನಾವು ಹೊರಬಿದ್ದೆವು. ಈಗ ಹೊಸ ಆಟ ಶುರುವಾಗುತ್ತಿದೆ. 'ನನಗೆ ಫುಟ್‌ಬಾಲ್ ಚೆನ್ನಾಗಿ ಗೊತ್ತು ಅಪ್ಪಾ, ಈ ಸಲ ಮೂರು ಹೆಸರು ಹಾಕೋಣ, ನನ್ನ ಹುಂಡಿಯ ಹಣ ಕೊಡ್ತೀನಿ' ಅಂತಾನೆ. ಬೇಡ ಅಂದರೆ, 'ಕ್ಲಬ್ಬಿಗೆ ಸಹಾಯ ಅಲ್ವಾ?' ಅಂತ ನನ್ನನ್ನೇ ಕೇಳ್ತಾನೆ. ಏನು ಹೇಳಲಿ?"

ಹುಡುಗನ ವಾದದಲ್ಲಿ ಎರಡು ಮಾತುಗಳಿವೆ. ಒಂದು, 'ಇದು ಸಹಾಯ.' ಇನ್ನೊಂದು, 'ನನಗೆ ಗೊತ್ತು.' ಎರಡನ್ನೂ ಬೇರೆ ಬೇರೆ ಇಟ್ಟು ಪರೀಕ್ಷಿಸೋಣ.

ಮೊದಲು ಸಹಾಯದ ಲೆಕ್ಕ. ನೂರು ಜನ ಹತ್ತು ಹತ್ತು ಪೌಂಡು ಕಟ್ಟಿದರು ಎನ್ನಿ. ಒಟ್ಟು 1000. ಕ್ಲಬ್ಬಿಗೆ 500, ಗೆದ್ದವನಿಗೆ 500. ಆ ನೂರು ಜನ ಆಟವನ್ನೇ ಆಡದೆ ತಲೆಗೆ ಐದೈದು ಪೌಂಡು ದಾನ ಕೊಟ್ಟಿದ್ದರೂ ಕ್ಲಬ್ಬಿಗೆ ಬರುತ್ತಿದ್ದುದು ಅದೇ 500. ಹಾಗಾದರೆ ಉಳಿದ ಐದು ಪೌಂಡಿಗೆ ಅವರು ಕೊಂಡದ್ದೇನು? ಒಂದಷ್ಟು ಶನಿವಾರಗಳ ಕುತೂಹಲ, ಮೈದಾನದ ಪಕ್ಕದಲ್ಲಿ ನಿಂತು ಆಡುವ ಹರಟೆ, ಗೆಲ್ಲಬಹುದೆಂಬ ಆಸೆ. ಅದು ತಪ್ಪೇನಲ್ಲ. ಜಾತ್ರೆಯಲ್ಲಿ ತೊಟ್ಟಿಲು ಹತ್ತಲೂ ದುಡ್ಡು ಕೊಡುತ್ತೇವೆ. ದಾನ ಕೇಳಲು ಸಂಕೋಚಪಡುವ ಮನುಷ್ಯ ಆಟಕ್ಕೆ ಕರೆಯಲು ಸಂಕೋಚಪಡುವುದಿಲ್ಲ. ಕೊಡುವವನಿಗೂ ಹಾಗೆಯೇ. ಈ ಉಪಾಯ ಫಲಿಸುವುದು ಅದರಿಂದಲೇ.

ಆದರೆ ಲೆಕ್ಕವನ್ನು ಗಮನಿಸಿ. ಸರಾಸರಿಯಲ್ಲಿ ಹತ್ತು ಪೌಂಡು ಕಟ್ಟಿದವನ ಕೈಗೆ ಹಿಂದಿರುಗುವುದು ಐದು. ಮೂರು ಹೆಸರು ಹಾಕಿದರೆ ಕಟ್ಟಿದ್ದು ಮೂವತ್ತು, ಸರಾಸರಿ ಹಿಂದಿರುಗುವುದು ಹದಿನೈದು. ನೀವು ಮೂರು ಹಾಕಿದಿರೆಂದು ಪಕ್ಕದವರೂ ಮೂರು ಹಾಕಿದರೆ? ಎಲ್ಲರ ಗೆಲುವಿನ ಸಂಭವ ಮೊದಲಿನಷ್ಟೇ ಉಳಿಯುತ್ತದೆ, ಖರ್ಚು ಮಾತ್ರ ಮೂರು ಪಟ್ಟು. ಈ ಆಟದಲ್ಲಿ ಖಚಿತವಾಗಿ ಗೆಲ್ಲುವುದು ಕ್ಲಬ್ಬು ಒಂದೇ. ಅದು ಹಾಗೆಯೇ ಇರಬೇಕು, ಏಕೆಂದರೆ ಆಟ ಹೂಡಿದ್ದೇ ಅದಕ್ಕಾಗಿ. ಹೀಗೆ ತಿಳಿದು ಹಣ ಕೊಟ್ಟರೆ ಅದು ಸಹಾಯ. ಹಣ ಬರುತ್ತದೆಂದು ನಂಬಿ ಕೊಟ್ಟರೆ ಅದಕ್ಕೆ ಬೇರೆ ಹೆಸರಿದೆ.

ಇನ್ನು 'ನನಗೆ ಗೊತ್ತು' ಎಂಬ ಮಾತು. ಇದನ್ನು ಪರೀಕ್ಷಿಸಲು ನಾನು ಒಂಬತ್ತನೇ ತರಗತಿಯಲ್ಲಿ ಮಾಡಿಸುವ ಒಂದು ಆಟವಿದೆ. ಎರಡು ವಿಭಾಗಗಳ 64 ಮಕ್ಕಳನ್ನು ಒಟ್ಟಿಗೆ ನಿಲ್ಲಿಸುತ್ತೇನೆ. ನಾನು ಒಂದು ರೂಪಾಯಿ ನಾಣ್ಯ ಚಿಮ್ಮುವ ಮೊದಲು, ಹೆಡ್ ಬೀಳುತ್ತದೆ ಎನ್ನುವವರು ಕೈಯನ್ನು ತಲೆಯ ಮೇಲೆ ಇಡಬೇಕು, ಟೇಲ್ ಎನ್ನುವವರು ಸೊಂಟದ ಮೇಲೆ. ತಪ್ಪಿದವರು ಕೂರಬೇಕು. ಮೊದಲ ಸುತ್ತಿಗೆ ಸುಮಾರು ಅರ್ಧ ತರಗತಿ ಕೂರುತ್ತದೆ. ಆಮೇಲೆ ಉಳಿದವರಲ್ಲಿ ಸುಮಾರು ಅರ್ಧ. 64, 32, 16, 8, 4, 2, 1. ಆರು ಸುತ್ತು ಮುಗಿಯುವಾಗ ಸಾಮಾನ್ಯವಾಗಿ ಒಬ್ಬರೋ ಇಬ್ಬರೋ ನಿಂತಿರುತ್ತಾರೆ.

ಒಂದು ವರ್ಷ ಹೀಗೆ ಉಳಿದ ಹುಡುಗಿಯನ್ನು, "ಹೇಗಮ್ಮಾ ಕಂಡುಹಿಡಿದೆ?" ಎಂದು ಕೇಳಿದೆ. "ಎರಡು ಸಲ ಹೆಡ್ ಬಂದ ಮೇಲೆ ಟೇಲ್ ಬರಲೇಬೇಕಲ್ಲ ಸಾರ್" ಎಂದಳು, ಬಹಳ ಗಂಭೀರವಾಗಿ. ಇಡೀ ತರಗತಿ ಅವಳನ್ನು ಮೆಚ್ಚುಗೆಯಿಂದ ನೋಡಿತು. ಮತ್ತೊಮ್ಮೆ ಆಡಿಸಿದೆ. ಎರಡನೇ ಸುತ್ತಿಗೇ ಕುಳಿತಳು. ನಾಣ್ಯಕ್ಕೆ ನೆನಪಿಲ್ಲ. ಹಿಂದೆ ಏನು ಬಿತ್ತೆಂಬುದು ಅದಕ್ಕೆ ಗೊತ್ತಿಲ್ಲ. ಆದರೆ 64 ಜನ ಆಡಿದಾಗ ಯಾರಾದರೂ ಒಬ್ಬರು ಉಳಿಯಬೇಕಷ್ಟೆ. ಉಳಿದವರು ತಮ್ಮ ಉಳಿವಿಗೆ ಒಂದು ಕಾರಣ ಹುಡುಕಿಕೊಳ್ಳುತ್ತಾರೆ. ಕೂತ 63 ಮಕ್ಕಳ ಕಾರಣಗಳನ್ನು ಯಾರೂ ಕೇಳುವುದಿಲ್ಲ.

ಇದೇ ಸಂಗತಿ 2010ರ ವಿಶ್ವಕಪ್ ಫುಟ್‌ಬಾಲಿನಲ್ಲಿ ಜಗತ್ತನ್ನೇ ಮರುಳು ಮಾಡಿತು. ಜರ್ಮನಿಯ ಓಬರ್‌ಹೌಸೆನ್ ಊರಿನ ಅಕ್ವೇರಿಯಂನಲ್ಲಿ ಪಾಲ್ ಎಂಬ ಆಕ್ಟೋಪಸ್ ಇತ್ತು. ಎರಡು ದೇಶಗಳ ಬಾವುಟ ಅಂಟಿಸಿದ ಎರಡು ಪೆಟ್ಟಿಗೆಗಳಲ್ಲಿ ಆಹಾರ ಇಡುತ್ತಿದ್ದರು. ಅದು ಮೊದಲು ಯಾವುದರಿಂದ ತಿನ್ನುತ್ತದೋ ಆ ದೇಶ ಗೆಲ್ಲುತ್ತದೆ ಎಂದು ತಿಳಿಯುವುದು. ಜರ್ಮನಿ ಆಡಿದ 7 ಪಂದ್ಯ, ಜೊತೆಗೆ ಸ್ಪೇನ್-ನೆದರ್‌ಲೆಂಡ್ಸ್ ಫೈನಲ್, ಒಟ್ಟು 8ಕ್ಕೆ 8 ಸರಿಯಾಯಿತು. ನಾಣ್ಯ ಚಿಮ್ಮಿ ಎಂಟನ್ನೂ ಸರಿಯಾಗಿ ಹೇಳುವ ಸಂಭವ 256ರಲ್ಲಿ ಒಂದು. ಅಪರೂಪವೇನೋ ಹೌದು. ಆದರೆ ಅದೇ ಸಮಯದಲ್ಲಿ ಸಿಂಗಪುರದಲ್ಲಿ ಮಣಿ ಎಂಬ ಗಿಳಿಯೂ ಭವಿಷ್ಯ ಹೇಳುತ್ತಿತ್ತು. ನಮ್ಮ ಗಿಳಿಶಾಸ್ತ್ರದವರ ಹಾಗೆಯೇ ಚೀಟಿ ಎತ್ತುವ ಗಿಳಿ. ನಾಲ್ಕು ಕ್ವಾರ್ಟರ್ ಫೈನಲ್‌ಗಳನ್ನೂ ಸರಿಯಾಗಿ ಹೇಳಿದ ಅದು ಫೈನಲ್‌ನಲ್ಲಿ ನೆದರ್‌ಲೆಂಡ್ಸ್ ಎಂದಿತು, ತಪ್ಪಿತು. ಇಂದು ಆಕ್ಟೋಪಸ್ಸಿನ ಹೆಸರು ಎಲ್ಲರಿಗೂ ನೆನಪಿದೆ. ಗಿಳಿಯದು ಎಷ್ಟು ಜನಕ್ಕೆ ನೆನಪಿದೆ?

"ಸಾರ್, ಫುಟ್‌ಬಾಲ್ ನಾಣ್ಯವಲ್ಲ. ಬಲವಾದ ತಂಡ, ಬಲವಿಲ್ಲದ ತಂಡ ಎಂಬುದಿಲ್ಲವೇ?" ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಹಾಗಾದರೆ ಉದಾರವಾಗಿ ಲೆಕ್ಕ ಹಾಕೋಣ. ಪ್ರತಿಯೊಬ್ಬನೂ ಯೋಚಿಸಿ ಬಲವಾದ ತಂಡವನ್ನೇ ಬರೆಯುತ್ತಾನೆ, ಅದು ಗೆಲ್ಲುವ ಸಂಭವ 100ಕ್ಕೆ 70 ಎಂದು ಇಟ್ಟುಕೊಳ್ಳಿ. ನೂರು ಜನರಲ್ಲಿ ಮೊದಲ ವಾರ ಉಳಿಯುವವರು 70. ಎರಡನೇ ವಾರ 49. ಮುಂದೆ ಸುಮಾರು 34, 24, 17, 12. ಏಳನೇ ವಾರ 8. ಏಳು ವಾರ ಸರಿಯಾಗಿ ಹೇಳಿದ ಹುಡುಗ ಈ ಎಂಟು ಜನರಲ್ಲಿ ಒಬ್ಬ. ಅವನಿಲ್ಲದಿದ್ದರೂ ಅಲ್ಲಿಯವರೆಗೆ ಯಾರೋ ಕೆಲವರು ಬರುತ್ತಲೇ ಇದ್ದರು. ಹನ್ನೆರಡನೇ ವಾರದ ಹೊತ್ತಿಗೆ ಉಳಿಯುವುದು ಒಬ್ಬನೇ.

ಜ್ಞಾನಕ್ಕೆ ಬೆಲೆಯೇ ಇಲ್ಲವೇ? ಇದೆ. ಒಬ್ಬ ಪ್ರತಿ ವಾರ 100ಕ್ಕೆ 80ರಷ್ಟು ಸರಿ, ಇನ್ನೊಬ್ಬ 70ರಷ್ಟು ಸರಿ ಎನ್ನಿ. ಹತ್ತು ವಾರ ಉಳಿಯುವ ಸಂಭವ ಮೊದಲನೆಯವನಿಗೆ ಸುಮಾರು 100ಕ್ಕೆ 11, ಎರಡನೆಯವನಿಗೆ ಸುಮಾರು 3. ಅಂದರೆ ಮೊದಲನೆಯವನು ಹೆಚ್ಚುಕಡಿಮೆ ನಾಲ್ಕು ಪಟ್ಟು ಮೇಲು. ಆದರೂ ಆ ಜಾಣನೇ ಹತ್ತರಲ್ಲಿ ಒಂಬತ್ತು ಸಲ ಹತ್ತು ವಾರದೊಳಗೆ ಮನೆಗೆ ಹೋಗುತ್ತಾನೆ. ಗೆದ್ದವನನ್ನು ನೋಡಿ ಅವನು ಜಾಣನೋ ಅದೃಷ್ಟಶಾಲಿಯೋ ಎಂದು ಹೇಳಲು ಒಂದೆರಡು ಆಟ ಸಾಲದು. ನೂರಾರು ಊಹೆಗಳ ದಾಖಲೆ ಬೇಕು.

ಫುಟ್‌ಬಾಲಿನಲ್ಲಿ ಅದೃಷ್ಟದ ಪಾಲು ಹೆಚ್ಚಾಗಲು ಒಂದು ಕಾರಣವೂ ಇದೆ. ಅದರಲ್ಲಿ ಗೋಲುಗಳು ಕಡಿಮೆ, ಪಂದ್ಯಕ್ಕೆ ಎರಡು ಮೂರು. ಬ್ಯಾಸ್ಕೆಟ್‌ಬಾಲಿನಲ್ಲಿ ಹತ್ತಾರು ಸಲ ಚೆಂಡು ಬುಟ್ಟಿಗೆ ಬೀಳುತ್ತದೆ, ಒಂದೆರಡು ಆಕಸ್ಮಿಕಗಳು ಆ ರಾಶಿಯಲ್ಲಿ ಮುಚ್ಚಿಹೋಗುತ್ತವೆ. ಫುಟ್‌ಬಾಲಿನಲ್ಲಿ ಯಾರದೋ ಕಾಲಿಗೆ ತಗುಲಿ ದಿಕ್ಕು ಬದಲಿಸಿದ ಒಂದೇ ಚೆಂಡು ಫಲಿತಾಂಶವನ್ನು ಬದಲಿಸಬಲ್ಲದು. ಸುಮಾರು ಕಾಲುಭಾಗ ಪಂದ್ಯಗಳು ಡ್ರಾ ಆಗುವುದೂ ಇದರಿಂದಲೇ. 2015-16ರಲ್ಲಿ ಲೆಸ್ಟರ್ ಸಿಟಿ ಪ್ರೀಮಿಯರ್ ಲೀಗ್ ಗೆದ್ದಿತಲ್ಲ, ಆ ಋತುವಿನ ಆರಂಭದಲ್ಲಿ ಬಾಜಿ ಕಟ್ಟಿಸಿಕೊಳ್ಳುವ ವೃತ್ತಿಯವರೇ ಅದರ ಮೇಲೆ ಒಂದಕ್ಕೆ ಐದು ಸಾವಿರ ಕೊಡುತ್ತೇವೆ ಎಂದಿದ್ದರು. 2020ರ ಅಕ್ಟೋಬರ್ 4ರಂದು ಹಿಂದಿನ ಋತುವಿನ ಚಾಂಪಿಯನ್ ಲಿವರ್‌ಪೂಲ್, ಆಸ್ಟನ್ ವಿಲ್ಲಾ ಎದುರು 7-2ರಲ್ಲಿ ಸೋತಿತು. ಆ ವಾರ ಲಿವರ್‌ಪೂಲ್ ಎಂದು ಬರೆದವರೆಲ್ಲ ಒಂದೇ ಏಟಿಗೆ ಹೊರಬಿದ್ದಿರಬೇಕು. ಬಲವಾದ ತಂಡವನ್ನು ಎಲ್ಲರೂ ಬಲ್ಲರು. ಹಾಗಾಗಿ ಉಳಿಯುವಾಗ ಗುಂಪಾಗಿ ಉಳಿಯುತ್ತಾರೆ, ಬೀಳುವಾಗಲೂ ಗುಂಪಾಗಿ ಬೀಳುತ್ತಾರೆ.

ಇಂಗ್ಲೆಂಡಿನಲ್ಲಿ ಪಂದ್ಯಗಳ ಊಹೆಗೆ ಹಣ ಕಟ್ಟುವ ಅಭ್ಯಾಸ ಹಳೆಯದು. 1923ರಲ್ಲಿ ಜಾನ್ ಮೂರ್ಸ್ ಮತ್ತು ಅವರ ಇಬ್ಬರು ಗೆಳೆಯರು 'ಲಿಟಲ್‌ವುಡ್ಸ್ ಪೂಲ್ಸ್' ಆರಂಭಿಸಿ, ಮ್ಯಾಂಚೆಸ್ಟರ್ ಯುನೈಟೆಡ್ ಮೈದಾನದ ಹೊರಗೆ 4000 ಕೂಪನ್ ಹಂಚಿದರು. ತುಂಬಿ ಬಂದದ್ದು 35. ಗೆಳೆಯರು ಕೈಬಿಟ್ಟರು, ಮೂರ್ಸ್ ಬಿಡಲಿಲ್ಲ, ಮುಂದೆ ಕೋಟ್ಯಧೀಶರಾದರು. ವಾರವಾರ ಕೂಪನ್ ತುಂಬುವುದು ಅಲ್ಲಿನ ಮನೆಮನೆಯ ರೂಢಿಯಾಯಿತು. 1963ರ ಚಳಿಗಾಲದಲ್ಲಿ ಮೈದಾನಗಳು ಹಿಮಗಟ್ಟಿ ಪಂದ್ಯಗಳು ವಾರಗಟ್ಟಲೆ ನಿಂತುಹೋದಾಗ, ಪೂಲ್ಸ್ ನಿಲ್ಲಬಾರದೆಂದು ಹಳೆಯ ಆಟಗಾರರ ಒಂದು ಸಮಿತಿ ಕೂತು, ಆಡದ ಪಂದ್ಯಗಳಿಗೂ ಫಲಿತಾಂಶ ತೀರ್ಮಾನಿಸಿತು. ಆಟಗಾರರು ಮನೆಯಲ್ಲಿ ಬೆಂಕಿ ಕಾಯಿಸುತ್ತಿದ್ದರೂ ಊಹೆಯ ವ್ಯಾಪಾರ ನಡೆಯುತ್ತಲೇ ಇತ್ತು!

ಆ ಹಣದಿಂದ ಫುಟ್‌ಬಾಲಿಗೆ ಉಪಕಾರವೂ ಆಗಿದೆ. 1989ರಲ್ಲಿ ಶೆಫೀಲ್ಡಿನ ಹಿಲ್ಸ್‌ಬರೋ ಕ್ರೀಡಾಂಗಣದ ನೂಕುನುಗ್ಗಲಿನ ದುರಂತಕ್ಕೆ ಒಟ್ಟು 97 ಜನ ಬಲಿಯಾದರು. ಅದಾದ ಮೇಲೆ, 1990ರ ಬಜೆಟ್‌ನಲ್ಲಿ ಸರ್ಕಾರ ಪೂಲ್ಸ್ ಮೇಲಿನ ತೆರಿಗೆಯನ್ನು ಶೇಕಡ 42.5ರಿಂದ 40ಕ್ಕೆ ಇಳಿಸಿ, ಹಾಗೆ ಉಳಿದ ಹಣ ಕ್ರೀಡಾಂಗಣಗಳ ಸುಧಾರಣೆಗೆ ಹೋಗುವಂತೆ ಮಾಡಿತು. ಒಳ್ಳೆಯದೇ. ಆದರೆ ಆ ಅಂಕಿಯನ್ನು ಇನ್ನೊಮ್ಮೆ ಓದಿ. ಕಟ್ಟಿದ ನೂರರಲ್ಲಿ ನಲವತ್ತು ಮೊದಲೇ ತೆರಿಗೆಗೆ ಹೋಯಿತು. ಕಂಪನಿಯ ಖರ್ಚು, ಲಾಭ ಅದರ ಮೇಲೆ. ಊಹಿಸುವವನಿಗೆ ಎಷ್ಟು ಉಳಿದೀತು ಎಂಬುದನ್ನು ನೀವೇ ಅಂದಾಜು ಮಾಡಿ.

ಕಾನೂನು ಏನು ಹೇಳುತ್ತದೆ? ಬ್ರಿಟನ್ನಿನ 2005ರ ಜೂಜು ಕಾಯಿದೆಯ ಪ್ರಕಾರ, ಹಣ ಕೊಟ್ಟು ಸೇರಿ, ಪಂದ್ಯದ ಫಲಿತಾಂಶ ಊಹಿಸಿ, ಸರಿಯಾದರೆ ಬಹುಮಾನ ಪಡೆಯುವ ಏರ್ಪಾಡು ಬಾಜಿ ಎಂದೇ ಎಣಿಕೆ. ಹದಿನೆಂಟು ತುಂಬದವರು ಬಾಜಿ ಕಟ್ಟುವಂತಿಲ್ಲ. ಉದ್ದೇಶ ಒಳ್ಳೆಯದು ಎಂಬ ಮಾತ್ರಕ್ಕೆ ಹೆಸರು ಬದಲಾಗುವುದಿಲ್ಲ. ಆದ್ದರಿಂದ ಇಂಥದ್ದನ್ನು ನಡೆಸುವ ಕ್ಲಬ್ಬು ಮೊದಲೇ ನಿಯಮ ವಿಚಾರಿಸಿಕೊಳ್ಳಬೇಕು.

ನಮ್ಮ ದೇಶದಲ್ಲೂ ಈ ಚರ್ಚೆ ಹಳೆಯದೇ, ಮತ್ತು ಅದರಲ್ಲಿ ಬೆಂಗಳೂರಿನ ಪಾತ್ರವಿದೆ. 'ಸ್ಪೋರ್ಟಿಂಗ್ ಸ್ಟಾರ್' ಎಂಬ ವಾರಪತ್ರಿಕೆ ಬೆಂಗಳೂರಿನಲ್ಲಿ ಅಚ್ಚಾಗುತ್ತಿತ್ತು. ಅದರಲ್ಲಿ ಬರುತ್ತಿದ್ದ ಪ್ರವೇಶಧನದ ಪದಬಂಧ ಸ್ಪರ್ಧೆಗೆ ಮುಂಬಯಿ ಪ್ರಾಂತದಿಂದಲೂ ಜನ ಹಣ ಕಳಿಸುತ್ತಿದ್ದರು. ಮುಂಬಯಿ ಸರ್ಕಾರ ಅದರ ಮೇಲೆ ತೆರಿಗೆ ಹಾಕಲು ಹೊರಟಾಗ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಜಾಣ್ಮೆಯ ಪಾಲು ಗಣನೀಯವಾಗಿಲ್ಲದ ಇಂಥ ಸ್ಪರ್ಧೆ ಜೂಜು, ಜೂಜಿಗೆ ವ್ಯಾಪಾರದ ರಕ್ಷಣೆ ಇಲ್ಲ ಎಂದು 1957ರಲ್ಲಿ ನ್ಯಾಯಾಲಯ ಹೇಳಿತು. ಜಾಣ್ಮೆಯೋ ಅದೃಷ್ಟವೋ ಎಂಬ ವಾದ ಅಲ್ಲಿಂದ ಮುಂದೆ ದಶಕಗಳ ಕಾಲ ನಡೆಯಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯಿದೆ ಆ ಭೇದವನ್ನೇ ಬದಿಗಿಟ್ಟಿತು. ಜಾಣ್ಮೆಯಾಗಲಿ, ಅದೃಷ್ಟವಾಗಲಿ, ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟ ಸಲ್ಲದು ಎಂದಿತು. ಏಳು ಊಹೆ ಸರಿಯಾದದ್ದಕ್ಕೆ ಎಂಟನೆಯದಕ್ಕೆ ಸಾಲ ಮಾಡಿದ ತರುಣರ ಕಥೆಗಳು ನಮ್ಮ ಓದುಗರಿಗೆ ಹೊಸದಲ್ಲ. ಅವರಲ್ಲಿ ಅನೇಕರು 'ನನಗೆ ಕ್ರಿಕೆಟ್ ಗೊತ್ತು' ಎಂದುಕೊಂಡೇ ಶುರುಮಾಡಿದವರು.

ನನ್ನ ವಿದ್ಯಾರ್ಥಿಗೆ ಕೊಟ್ಟ ಉತ್ತರದ ಸಾರಾಂಶ ಇಷ್ಟು. ಕ್ಲಬ್ಬಿಗೆ ಎಷ್ಟು ಕೊಡಲು ಮನಸ್ಸಿದೆಯೋ ಅಷ್ಟನ್ನೇ ಕೊಡು, ಕೊಟ್ಟ ದಿನವೇ ಅದು ನಿನ್ನದಲ್ಲವೆಂದು ತಿಳಿ. ಒಂದೇ ಹೆಸರು ಸಾಕು. ಮಗನ ಹುಂಡಿಯ ಹಣ ಅದಕ್ಕೆ ಬೇಡ. ಅವನಿಗೆ ಕ್ಲಬ್ಬಿಗೆ ಸಹಾಯ ಮಾಡಬೇಕೆಂದಿದ್ದರೆ ಶನಿವಾರ ಬೇಗ ಹೋಗಿ ಬಲೆ ಕಟ್ಟಲಿ. ಎಷ್ಟು ಹಣ ಕೂಡಿತು, ಬಹುಮಾನಕ್ಕೆ ಎಷ್ಟು, ಕ್ಲಬ್ಬಿಗೆ ಎಷ್ಟು, ಅದರಿಂದ ಏನು ಕೊಂಡರು ಎಂಬುದನ್ನು ಎಲ್ಲರಿಗೂ ಕಾಣುವಂತೆ ಬರೆದು ಹಾಕಲು ಕ್ಲಬ್ಬಿನವರಿಗೆ ಹೇಳು. ಇನ್ನೂ ಒಳ್ಳೆಯದೆಂದರೆ ಸ್ಪರ್ಧೆಗೆ ಶುಲ್ಕವೇ ಬೇಡ, ಪಕ್ಕದಲ್ಲಿ ದಾನದ ಡಬ್ಬಿ ಇಡಲಿ, ಗೆದ್ದವನಿಗೆ ಮಕ್ಕಳೆಲ್ಲ ಸಹಿ ಹಾಕಿದ ಒಂದು ಚೆಂಡು ಕೊಡಲಿ. ಶಾಲೆಗೋ ಬೀದಿಯ ತಂಡಕ್ಕೋ ಹಣ ಕೂಡಿಸಲು ಹೊರಡುವ ನಮ್ಮ ಕಡೆಯವರಿಗೂ ನಾನು ಹೇಳುವುದು ಈ ಕೊನೆಯ ದಾರಿಯನ್ನೇ.

ಇನ್ನು ವಿದ್ಯಾರ್ಥಿ ಮಿತ್ರರಿಗೆ ಒಂದು ಮನೆಗೆಲಸ. ಊಹಿಸುವ ಚಪಲ ನಿಮಗಿದ್ದರೆ ದುಡ್ಡು ಬೇಡ, ಒಂದು ನೋಟುಬುಕ್ಕು ಸಾಕು. ವಾರಕ್ಕೆ ಐದು ಪಂದ್ಯ ಆರಿಸಿಕೊಳ್ಳಿ. ಫುಟ್‌ಬಾಲಾದರೂ ಸರಿ, ಕಬಡ್ಡಿಯಾದರೂ ಸರಿ. ತನ್ನ ಊರಿನಲ್ಲೇ ಆಡುವ ತಂಡ ಗೆಲ್ಲುವ ಸಂಭವ ಎಷ್ಟು ಎಂದು ಪಂದ್ಯಕ್ಕೆ ಮೊದಲೇ ದಶಮಾಂಶದಲ್ಲಿ ಬರೆಯಿರಿ: 0.7, 0.4, ಹೀಗೆ. ಪಂದ್ಯ ಮುಗಿದ ಮೇಲೆ, ಆ ತಂಡ ಗೆದ್ದಿದ್ದರೆ 1, ಗೆಲ್ಲದಿದ್ದರೆ 0 ಎಂದು ತೆಗೆದುಕೊಂಡು, ನಿಮ್ಮ ಸಂಖ್ಯೆಗೂ ಅದಕ್ಕೂ ಇರುವ ವ್ಯತ್ಯಾಸದ ವರ್ಗ ಮಾಡಿ. 0.7 ಎಂದಿದ್ದು ಗೆದ್ದರೆ 0.09. ಗೆಲ್ಲದಿದ್ದರೆ 0.49. ಖಂಡಿತ ಗೆಲ್ಲುತ್ತದೆ ಎಂದು ಜಂಬದಿಂದ 1 ಬರೆದು ತಪ್ಪಿದರೆ ಪೂರ್ತಿ 1. ಇದು ನನ್ನ ಸೃಷ್ಟಿಯಲ್ಲ. ಹವಾಮಾನ ಮುನ್ಸೂಚನೆ ಎಷ್ಟು ಒಳ್ಳೆಯದೆಂದು ಅಳೆಯಲು ಅಮೆರಿಕದ ಗ್ಲೆನ್ ಬ್ರಯರ್ 1950ರಲ್ಲಿ ಕೊಟ್ಟ ವಿಧಾನ. ಕಡಿಮೆ ಬಂದಷ್ಟೂ ಒಳ್ಳೆಯದು.

ಹತ್ತು ವಾರ ಬರೆದು ಐವತ್ತು ಪಂದ್ಯಗಳ ಸರಾಸರಿ ತೆಗೆಯಿರಿ. ಏನೂ ಗೊತ್ತಿಲ್ಲದೆ ಪ್ರತಿ ಸಲ 0.5 ಎಂದು ಬರೆದವನ ಸರಾಸರಿ ಸರಿಯಾಗಿ 0.25 ಬರುತ್ತದೆ. ಏಕೆಂದು ಯೋಚಿಸಿ. ನಿಮ್ಮದು ಅದಕ್ಕಿಂತ ಕಡಿಮೆ ಬಂದರೆ ನಿಮಗೆ ಆಟ ಒಂದಿಷ್ಟು ಗೊತ್ತೆಂದು ಹೇಳಿಕೊಳ್ಳಬಹುದು. ಹೆಚ್ಚು ಬಂದರೆ ಬೇಸರ ಬೇಡ, ಯಾವ ತಂಡದ ಮೇಲಿನ ಅಭಿಮಾನ ನಿಮ್ಮ ಲೆಕ್ಕ ಕೆಡಿಸಿತೆಂದು ನೋಟುಬುಕ್ಕೇ ತೋರಿಸಿಕೊಡುತ್ತದೆ.